ಕಯಾಕ್ ಚೌಕಟ್ಟಿಗೆ ಬಟ್ಟೆ ಹೊದಿಸುವುದು: ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ

ಕಯಾಕ್ ಅಂದರೆ ಕೂತು ಹುಟ್ಟು ಹಾಕುವ, ಮೇಲೆ ಮುಚ್ಚಿದ ಕಿರಿದಾದ ದೋಣಿ. ಅದರ ಮರದ ಚೌಕಟ್ಟು ಮುಗಿದಿದೆ. ಪಟ್ಟಿಗಳನ್ನು ದಾರದಿಂದ ಬಿಗಿದು ಕಟ್ಟಿದ್ದಾಗಿದೆ. ಬಗ್ಗಿಸಿದ ಪಕ್ಕೆಲುಬುಗಳು ಸಾಲಾಗಿ ಕೂತಿವೆ. ದೊಡ್ಡ ಮೀನಿನ ಎಲುಬಿನ ಗೂಡಿನ ಹಾಗೆ ಕಾಣುವ ಅದಕ್ಕೆ ಈಗ ಚರ್ಮ ಬೇಕು. ಎರಡು ಮೂರು ದಿನದ ಕೆಲಸ ಇದು. ಕಷ್ಟದ್ದೇನಲ್ಲ, ಆದರೆ ಕ್ರಮ ತಪ್ಪಬಾರದು.

ಆ ಕ್ರಮ ಇಷ್ಟೇ. ಬಟ್ಟೆಯನ್ನು ಮೊದಲು ಉದ್ದಕ್ಕೆ ಎಳೆಯಬೇಕು. ಆಮೇಲೆ ಅಡ್ಡಕ್ಕೆ ಎಳೆದು ಹೊಲಿಯಬೇಕು. ಉಳಿದ ಸಣ್ಣ ಸಡಿಲವನ್ನು ಕೊನೆಗೆ ಶಾಖ ಅಥವಾ ನೀರಿನಿಂದ ತೆಗೆಯಬೇಕು. ನನ್ನ ಮೊದಲ ದೋಣಿಯಲ್ಲಿ ನಾನು ಅಡ್ಡಕ್ಕೆ ಮೊದಲು ಎಳೆದೆ. ನಡುಭಾಗ ಚೆನ್ನಾಗಿ ಬಿಗಿಯಾಯಿತು, ಆದರೆ ಮೂತಿಯ (ದೋಣಿಯ ಚೂಪು ತುದಿಯ) ಹತ್ತಿರ ಅಡ್ಡಡ್ಡ ಸುಕ್ಕುಗಳು ನಿಂತವು. ಇಸ್ತ್ರಿ ಹಾಕಿದರೂ ಹೋಗಲಿಲ್ಲ. ಒಂದು ಇಡೀ ದಿನದ ಹೊಲಿಗೆ ಬಿಚ್ಚಿ ಮತ್ತೆ ಶುರು ಮಾಡಿದೆ. ಅದಕ್ಕೇ ಇದನ್ನು ಮೊದಲಿಗೇ ಹೇಳುತ್ತಿದ್ದೇನೆ.

ಯಾವ ಬಟ್ಟೆ?

ಗ್ರೀನ್‌ಲ್ಯಾಂಡಿನ ಇನುಯಿಟ್ ಜನ ಸೀಲ್ ಚರ್ಮ ಹೊದಿಸುತ್ತಿದ್ದರು. ಹೊಲಿಗೆ ಹೆಂಗಸರ ಕೆಲಸವಾಗಿತ್ತು. ದಾರ ಪ್ರಾಣಿಯ ಸ್ನಾಯುವಿನದು. ಅದು ನೆಂದಾಗ ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ನೀರು ತಡೆಯಬೇಕಾದ ಕಡೆ ಸೂಜಿಯನ್ನು ಚರ್ಮದ ಅರ್ಧ ದಪ್ಪಕ್ಕೆ ಮಾತ್ರ ಚುಚ್ಚಿ ಹೊರತೆಗೆಯುತ್ತಿದ್ದರು, ಆರಪಾರ ಚುಚ್ಚುತ್ತಿರಲಿಲ್ಲ. ನಮ್ಮ ಬಟ್ಟೆ ತೆಳು, ಹಾಗೆ ಚುಚ್ಚಲು ಆಗುವುದಿಲ್ಲ. ನಮ್ಮಲ್ಲಿ ಆ ತೂತು ಮುಚ್ಚುವ ಕೆಲಸ ಕೊನೆಗೆ ಹಚ್ಚುವ ಲೇಪದ್ದು.

ಈಗ ಹೆಚ್ಚಾಗಿ ಬಳಸುವುದು ನೈಲಾನ್ ಅಥವಾ ಪಾಲಿಯೆಸ್ಟರ್. ಎರಡರ ಸ್ವಭಾವ ಬೇರೆ ಬೇರೆ. ನೈಲಾನ್ ಎಳೆದರೆ ಹಿಗ್ಗುತ್ತದೆ, ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ. ಆದರೆ ತೇವ ಕುಡಿದಾಗ ಸ್ವಲ್ಪ ಸಡಿಲವಾಗುತ್ತದೆ, ಒಣಗಿದಾಗ ಮತ್ತೆ ಬಿಗಿಯಾಗುತ್ತದೆ. ಪಾಲಿಯೆಸ್ಟರ್‌ಗೆ ನೀರಿನ ಗೊಡವೆಯೇ ಇಲ್ಲ. ಇಸ್ತ್ರಿ ಶಾಖಕ್ಕೆ ಅದು ಕುಗ್ಗಿ ತಮಟೆಯ ಹಾಗೆ ಬಿಗಿಯುತ್ತದೆ, ಹಾಗೇ ಉಳಿಯುತ್ತದೆ. ಉಜ್ಜಾಟ ತಡೆಯುವುದರಲ್ಲಿ ಮಾತ್ರ ನೈಲಾನ್‌ಗಿಂತ ಒಂದು ಕೈ ಕಡಿಮೆ. ಕಲ್ಲು ಜಾಸ್ತಿ ಇರುವ ದಂಡೆಯಾದರೆ ನೈಲಾನ್ ಆರಿಸಿ. ಮೊದಲ ಸಲ ಹೊಲಿಯುತ್ತಿದ್ದರೆ ಪಾಲಿಯೆಸ್ಟರ್ ಒಳ್ಳೆಯದು, ಅದು ಸಣ್ಣಪುಟ್ಟ ತಪ್ಪುಗಳನ್ನು ಶಾಖದಲ್ಲಿ ಕ್ಷಮಿಸುತ್ತದೆ. ಹತ್ತಿಯ ಕ್ಯಾನ್ವಾಸ್ ಕೂಡ ನಡೆಯುತ್ತದೆ. ಆದರೆ ಭಾರ ಜಾಸ್ತಿ, ಒದ್ದೆ ಇಟ್ಟರೆ ಕೊಳೆಯುತ್ತದೆ.

ತೂಕ ನೋಡಿ ಕೊಳ್ಳಿ. ಚದರ ಮೀಟರಿಗೆ 270ರಿಂದ 400 ಗ್ರಾಂ ತೂಗುವ ನೈಲಾನ್, ಅಥವಾ 300 ಗ್ರಾಂ ಆಸುಪಾಸಿನ ಪಾಲಿಯೆಸ್ಟರ್ ಸಾಕು. ಒಂದು ಮುಖ್ಯ ಮಾತು: ಬಟ್ಟೆಯ ಮೇಲೆ ಮೊದಲೇ ಯಾವ ಲೇಪವೂ ಇರಬಾರದು. ನೀರು ನಿಲ್ಲದಂತೆ ಕಾರ್ಖಾನೆಯಲ್ಲೇ ಲೇಪ ಹಚ್ಚಿದ ಬಟ್ಟೆ ಸರಿಯಾಗಿ ಹಿಗ್ಗುವುದಿಲ್ಲ, ನಮ್ಮ ಲೇಪವೂ ಅದಕ್ಕೆ ಹಿಡಿಯುವುದಿಲ್ಲ. ಒಂದು ಹನಿ ನೀರು ಹಾಕಿ ನೋಡಿ. ಹನಿ ಗುಂಡಗೆ ನಿಂತರೆ ಆ ಬಟ್ಟೆ ಬೇಡ.

ಉದ್ದ ಎಷ್ಟು ಬೇಕು ಅಂದರೆ, ದೋಣಿಯ ಉದ್ದಕ್ಕಿಂತ ಎರಡು ಗೇಣು ಜಾಸ್ತಿ. ಅಗಲಕ್ಕೆ ಚೌಕಟ್ಟಿನ ಅತಿ ಅಗಲದ ಜಾಗದಲ್ಲಿ ಟೇಪನ್ನು ಪೂರ್ತಿ ಸುತ್ತಿ ಅಳೆಯಿರಿ. ಅದಕ್ಕೆ ಒಂದು ಅಂಗೈಯಷ್ಟು ಸೇರಿಸಿ. 55 ಸೆಂಟಿಮೀಟರ್ ಅಗಲದ ದೋಣಿಗೆ 150 ಸೆಂಟಿಮೀಟರ್ ಅಗಲದ ಬಟ್ಟೆ ಎಷ್ಟೋ ಸಲ ಅಂಚಿಗೆ ಅಂಚು ಬರುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಅಳೆಯಿರಿ. ಕೂರುವ ಜಾಗದಲ್ಲಿ ಬಟ್ಟೆ ಕಡಿಮೆ ಬಿದ್ದರೆ ಚಿಂತೆಯಿಲ್ಲ, ಅಲ್ಲಿ ಹೇಗೂ ತೂತು ಬರುತ್ತದೆ.

ಚೌಕಟ್ಟನ್ನು ಅಣಿಮಾಡುವುದು

ಬಟ್ಟೆ ಮುಟ್ಟುವ ಪ್ರತಿ ಅಂಚಿನ ಮೇಲೂ ಅಂಗೈ ಆಡಿಸಿ. ಕೈಗೆ ಚುಚ್ಚಿದ್ದು ಬಟ್ಟೆಗೂ ಚುಚ್ಚುತ್ತದೆ. ಎರಡೂ ತುದಿಯ ಮೂತಿಯ ಮರವನ್ನು ಪೆನ್ಸಿಲ್‌ನಷ್ಟಾದರೂ ದುಂಡಗೆ ಉಜ್ಜಿ. ದೋಣಿ ದಡಕ್ಕೆ ತಾಗುವಾಗ ಬಟ್ಟೆ ಮೊದಲು ಸವೆಯುವುದು ಅಲ್ಲೇ.

ಇನ್ನೊಂದು ವಿಷಯ ಪಕ್ಕೆಲುಬುಗಳದ್ದು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಟ್ಟೆ ಉದ್ದ ಪಟ್ಟಿಗಳ ಮೇಲೆ ಮಾತ್ರ ಕೂರಬೇಕು: ಅಡಿಯ ನಡುವಿನ ಕೀಲ್ ಪಟ್ಟಿ, ಬದಿಯ ಪಟ್ಟಿಗಳು, ಮೇಲಂಚಿನ ಎರಡು ಪಟ್ಟಿಗಳು. ಪಕ್ಕೆಲುಬು ಬಟ್ಟೆಗೆ ತಾಗಬಾರದು. ತಾಗಿದರೆ ಅಲ್ಲೊಂದು ಅಡ್ಡ ಉಬ್ಬು ನಿಲ್ಲುತ್ತದೆ, ನೀರನ್ನು ತಡೆಯುತ್ತದೆ, ಅಲ್ಲೇ ಸವೆಯುತ್ತದೆ. ನೇರವಾದ ಒಂದು ತೆಳು ಪಟ್ಟಿಯನ್ನು ಒಂದು ಉದ್ದ ಪಟ್ಟಿಯಿಂದ ಇನ್ನೊಂದಕ್ಕೆ ಅಡ್ಡ ಇಟ್ಟು ಪೂರ್ತಿ ಸರಿಸಿಕೊಂಡು ಹೋಗಿ. ಎಲ್ಲಾದರೂ ಪಕ್ಕೆಲುಬು ತಡೆದರೆ ಅಲ್ಲಿ ಸ್ವಲ್ಪ ಕೆರೆಯಿರಿ.

ಚೌಕಟ್ಟು ತಿರುಚಿಲ್ಲ ಅಂತಲೂ ನೋಡಿ. ಮುಂದೊಂದು ಹಿಂದೊಂದು ನೇರ ಕೋಲನ್ನು ಮೇಲಂಚಿನ ಪಟ್ಟಿಗಳ ಮೇಲೆ ಅಡ್ಡ ಇಡಿ. ಒಂದು ತುದಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರೆ ಎರಡೂ ಕೋಲು ಒಂದೇ ಗೆರೆಯಲ್ಲಿ ಕಾಣಬೇಕು. ತಿರುಚಿದ ಚೌಕಟ್ಟಿಗೆ ಬಟ್ಟೆ ಹೊಲಿದರೆ ಆ ತಿರುಚು ಖಾಯಂ ಆಗಿಬಿಡುತ್ತದೆ.

ಮರಕ್ಕೆ ಎಣ್ಣೆ ಹಚ್ಚಿದ್ದರೆ ಅದು ಪೂರ್ತಿ ಒಣಗಲಿ. ಹಸಿ ಎಣ್ಣೆ ಬಟ್ಟೆಗೆ ಹತ್ತಿದ ಜಾಗದಲ್ಲಿ ಲೇಪ ಹಿಡಿಯುವುದಿಲ್ಲ. ಡೆಕ್ (ದೋಣಿಯ ಮೇಲ್ಮುಚ್ಚು) ಮೇಲಿನ ಹಗ್ಗಕ್ಕೆ ಮೇಲಂಚಿನ ಪಟ್ಟಿಯಲ್ಲಿ ತೂತು ಕೊರೆಯುವುದಿದ್ದರೆ ಈಗಲೇ ಕೊರೆಯಿರಿ. ಒಂದೊಂದು ತೂತೂ ಮೂತಿಯಿಂದ ಎಷ್ಟು ದೂರ ಇದೆ ಅಂತ ಬರೆದಿಟ್ಟುಕೊಳ್ಳಿ. ಬಟ್ಟೆ ಮುಚ್ಚಿದ ಮೇಲೆ ಹುಡುಕುವುದು ಸುಮ್ನೆ ತಲೆನೋವು.

ಉದ್ದದ ಬಿಗಿತ: ಎರಡು ತುದಿಯ ಚೀಲ

ಚೌಕಟ್ಟನ್ನು ಬೋರಲು ಹಾಕಿ. ಬಟ್ಟೆಯ ನಡುಗೆರೆಯನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಆ ಗೆರೆ ಕೀಲ್ ಮೇಲೆ ಬರುವಂತೆ ಹರಡಿ. ಬಟ್ಟೆಯ ಉದ್ದ ಎಳೆ ದೋಣಿಯ ಉದ್ದಕ್ಕೇ ಇರಲಿ. ಎರಡೂ ಕಡೆ ಸಮನಾಗಿ ಇಳಿಬಿದ್ದಿದೆಯಾ ನೋಡಿ.

ಈಗ ಮುಂದಿನ ತುದಿಯಲ್ಲಿ ಬಟ್ಟೆಯ ಎರಡೂ ಅಂಚುಗಳನ್ನು ಡೆಕ್ ಕಡೆಗೆ ತಂದು ಪಿನ್ ಹಾಕಿ. ಮೂತಿಯ ಸುತ್ತ ಅದು ಒಂದು ಚೂಪು ಚೀಲದ ಹಾಗೆ ಆಗಬೇಕು. ಸುಮಾರು ಒಂದು ಮೊಳ ಉದ್ದ ಹೊಲಿಯಿರಿ. ಮುಂದಕ್ಕೆ ಚಾಚಿಕೊಂಡ ಇಳಿಜಾರು ಮೂತಿಯಾದರೆ ಬಟ್ಟೆ ತಾನೇ ಹೊಂದಿಕೊಳ್ಳುತ್ತದೆ. ನೆಟ್ಟಗೆ ನಿಂತ ಮೂತಿಯಾದರೆ ಅಲ್ಲಿ ಬಟ್ಟೆ ಮಿಕ್ಕುತ್ತದೆ. ಆಗ ಮೂತಿಯ ಗೆರೆಗುಂಟ ಸೀಳಿ, ಅಲ್ಲೂ ಹೊಲಿಗೆ ಹಾಕಬೇಕು.

ಹಿಂದಿನ ತುದಿಯ ಚೀಲದಲ್ಲಿ ಇರುವುದು ನಿಜವಾದ ಗುಟ್ಟು. ಬಟ್ಟೆಯನ್ನು ಕೈಯಲ್ಲಿ ಎಳೆದು ಹಿಡಿದು, ಮೂತಿ ಎಲ್ಲಿ ಬರುತ್ತದೋ ಗುರುತು ಮಾಡಿ. ಚೀಲವನ್ನು ಆ ಗುರುತಿಗೆ ಹೊಲಿಯಬೇಡಿ, ಅದಕ್ಕಿಂತ ಒಳಗೆ ಹೊಲಿಯಿರಿ. 5 ಮೀಟರ್ ದೋಣಿಗೆ ನೈಲಾನ್ ಆದರೆ ನಾನು 5ರಿಂದ 7 ಸೆಂಟಿಮೀಟರ್ ಒಳಗೆ ಹೊಲಿಯುತ್ತೇನೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, 2 ಸೆಂಟಿಮೀಟರ್ ಸಾಕು. ಹೊಲಿದ ಮೇಲೆ ಚೀಲ ಮೂತಿಗೆ ಗಿಡ್ಡ ಆಗಿರುತ್ತದೆ. ಅದನ್ನು ಎಳೆದು ಮೂತಿಯ ಮೇಲೆ ಏರಿಸಬೇಕು. ಬಿಗಿಯಾದ ದಿಂಬಿಗೆ ಗವಸು ಏರಿಸಿದ ಹಾಗೆ. ಇದಕ್ಕೆ ಇನ್ನೊಬ್ಬರು ಬೇಕು. ಒಬ್ಬರು ಮುಂದಿನ ತುದಿ ಹಿಡಿದುಕೊಳ್ಳಲಿ, ಇನ್ನೊಬ್ಬರು ಎಳೆಯಲಿ. ನೈಲಾನ್ ಆದರೆ ಬಟ್ಟೆಗೆ ಮೊದಲು ಬಿಸಿನೀರು ಚಿಮುಕಿಸಿ. ಒದ್ದೆಯಲ್ಲಿ ಸುಲಭವಾಗಿ ಹಿಗ್ಗುತ್ತದೆ, ಒಣಗುವಾಗ ಬಿಗಿಯುತ್ತದೆ.

ಏರಿದ ಮೇಲೆ ಕೀಲ್ ಪಕ್ಕದ ಬಟ್ಟೆಯನ್ನು ಬೆರಳಿನಿಂದ ಮೀಟಿ. ಉದ್ದಕ್ಕೆ ಬಿಗಿ ಇದೆ, ಅಡ್ಡಕ್ಕೆ ಇನ್ನೂ ಜೋಲಾಡುತ್ತಿದೆ ಅಂತ ಕೈಗೆ ಗೊತ್ತಾಗಬೇಕು. ಉದ್ದಕ್ಕೂ ಸಡಿಲ ಅನಿಸಿದರೆ ಚೀಲ ಬಿಚ್ಚಿ ಮತ್ತೆ ಹೊಲಿಯಿರಿ. ಇಲ್ಲಿ ಹೋಗುವುದು ಅರ್ಧ ಗಂಟೆ ಮಾತ್ರ.

ಅಡ್ಡದ ಬಿಗಿತ: ಡೆಕ್ ಮೇಲಿನ ಹೊಲಿಗೆ

ದೋಣಿಯನ್ನು ನೆಟ್ಟಗೆ ತಿರುಗಿಸಿ. ಎರಡು ಅಂಚುಗಳು ಡೆಕ್ ಮೇಲೆ ಎದುರುಬದುರು ಬರುತ್ತವೆ. ಮೊದಲು ತಾತ್ಕಾಲಿಕವಾಗಿ ಹಗ್ಗ ಹೆಣೆಯಬೇಕು. ಗಟ್ಟಿ ಹುರಿಯನ್ನು ದಬ್ಬಳಕ್ಕೆ ಪೋಣಿಸಿ, ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ, ಅಡ್ಡಾದಿಡ್ಡಿಯಾಗಿ ಹಾಯಿಸುತ್ತ ಹೋಗಿ. ಹಗ್ಗದ ಮಂಚ ಹೆಣೆದ ಹಾಗೆ. ತೂತುಗಳ ನಡುವೆ ಒಂದು ಅಂಗೈ ಅಂತರ ಇರಲಿ. ಅಂಚಿಗೆ ತೀರಾ ಹತ್ತಿರ ಚುಚ್ಚಿದರೆ ಎಳೆ ಬಿಟ್ಟುಕೊಳ್ಳುತ್ತದೆ. ಎರಡು ಬೆರಳು ಒಳಗೆ ಚುಚ್ಚಿ.

ನಾನು ನಡುವಿನಿಂದ ಶುರು ಮಾಡಿ ತುದಿಗಳ ಕಡೆಗೆ ಹೋಗುತ್ತೇನೆ. ಒಂದೇ ಸಲಕ್ಕೆ ಪೂರ್ತಿ ಬಿಗಿಯುವುದಿಲ್ಲ. ಮೊದಲ ಸುತ್ತಿನಲ್ಲಿ ಜೋಲು ತೆಗೆಯುತ್ತೇನೆ, ಎರಡನೇ ಸುತ್ತಿನಲ್ಲಿ ಹುರಿಯನ್ನು ಗೆಜ್ಜೆ ಬಿಗಿದಂತೆ ಒಂದೊಂದಾಗಿ ಎಳೆಯುತ್ತೇನೆ. ಆಗಾಗ ಬಗ್ಗಿ ಅಡಿಯ ನಡುಗೆರೆ ನೋಡುತ್ತೇನೆ. ಅದು ಕೀಲ್ ಬಿಟ್ಟು ಒಂದು ಬದಿಗೆ ಸರಿದಿದ್ದರೆ ಆ ಬದಿ ಜಾಸ್ತಿ ಎಳೆದಿದ್ದೇನೆ ಅಂತ ಅರ್ಥ. ಆ ಬದಿ ಸಡಿಲಿಸಿ ಈ ಬದಿ ಎಳೆಯಬೇಕು.

ಈಗ ಹೊಲಿಗೆ. ದಾರ ಮೇಣ ಹಚ್ಚಿದ ನೈಲಾನ್ ಅಥವಾ ಪಾಲಿಯೆಸ್ಟರ್‌ನದು ಇರಲಿ. ಹತ್ತಿ ದಾರ ಬೇಡ, ಕೊಳೆಯುತ್ತದೆ. ಬಿಲ್ಲಿನ ಹಾಗೆ ಬಾಗಿದ ಸೂಜಿ ಸಿಕ್ಕರೆ ಕೆಲಸ ಅರ್ಧ ಹಗುರ, ಏಕೆಂದರೆ ಬಿಗಿದ ಬಟ್ಟೆಯ ಅಡಿಗೆ ಕೈ ಹಾಕಲು ಆಗುವುದಿಲ್ಲ. ಸಲಕ್ಕೆ ಒಂದೂವರೆ ಮಾರು ದಾರ ತೆಗೆದುಕೊಳ್ಳಿ. ಅದಕ್ಕಿಂತ ಉದ್ದವಾದರೆ ಸಿಕ್ಕಾಗುತ್ತದೆ.

ಹೊಲಿಗೆ ಎರಡು ಸಾಲು. ಮೊದಲ ಸಾಲು ಎಳೆಯಲು, ಎರಡನೆಯದು ಮುಚ್ಚಲು. ಮೊದಲ ಸಾಲಿಗೆ ಎರಡೂ ಬದಿಯಲ್ಲಿ ಒಂದೊಂದು ಗೆರೆ ಎಳೆಯಿರಿ. ಬಟ್ಟೆ ಸಹಜವಾಗಿ ಸಂಧಿಸುವ ಜಾಗಕ್ಕಿಂತ ಆ ಗೆರೆಗಳು ಅರ್ಧ ಅರ್ಧ ಬೆರಳು ಆಚೆ ಇರಲಿ. ಅಂದರೆ ಗೆರೆಗೆ ಗೆರೆ ಸೇರಿಸಬೇಕಾದರೆ ಬಟ್ಟೆಯನ್ನು ಎಳೆಯಲೇಬೇಕು. ಮೂತಿಯಿಂದ ಶುರು ಮಾಡಿ ಕೂರುವ ಜಾಗದ ತನಕ ಹೊಲಿಯಿರಿ. ಆಮೇಲೆ ಹಿಂದಿನ ತುದಿಯಿಂದ ಹಾಗೇ ಬನ್ನಿ. ಹೊಲಿಗೆಗಳ ನಡುವೆ 6 ಮಿಲಿಮೀಟರ್ ಅಂತರ ಸಾಕು. ನಾಲ್ಕು ಹೊಲಿಗೆ ಹಾಕಿ, ದಾರ ಎಳೆದು ಅಂಚು ಸೇರಿಸಿ, ಮತ್ತೆ ನಾಲ್ಕು ಹಾಕಿ. ಹೆಣೆದ ಹುರಿಯನ್ನು ಹೊಲಿಗೆ ಬಂದಷ್ಟೇ ಬಿಚ್ಚಿಕೊಂಡು ಹೋಗಿ, ಒಂದೇ ಸಲ ಬಿಚ್ಚಬೇಡಿ. ಕೈಗೆ ಚರ್ಮದ ಗವಸು ಹಾಕಿಕೊಳ್ಳಿ. ಇಲ್ಲದಿದ್ದರೆ ಮೇಣದ ದಾರ ಬೆರಳಿನ ಮಡಿಕೆಯನ್ನು ಕುಯ್ಯುತ್ತದೆ.

ಮೊದಲ ಸಾಲು ಮುಗಿದಾಗ ಡೆಕ್ ನಡುವೆ ಬಟ್ಟೆಯ ಒಂದು ಏಣು ಎದ್ದು ನಿಂತಿರುತ್ತದೆ. ಅದನ್ನು ಒಂದು ಬೆರಳಿನ ಅಗಲಕ್ಕೆ ಕತ್ತರಿಸಿ. ಅಂಚನ್ನು ಒಳಗೆ ಮಡಚಿ ಒಂದು ಬದಿಗೆ ಮಲಗಿಸಿ, ಸೀರೆ ಅಂಚಿಗೆ ಹೆಮ್ಮಿಂಗ್ ಮಾಡುವ ಹಾಗೆ ಎರಡನೇ ಸಾಲು ಹೊಲಿಯಿರಿ. ಇದಕ್ಕೆ ಬಲ ಬೇಡ, ನಿಧಾನ ಬೇಕು. ನೋಡುವವರ ಕಣ್ಣಿಗೆ ಬೀಳುವುದು ಈ ಸಾಲೇ. ನನಗೆ ಇಡೀ ದೋಣಿಯಲ್ಲಿ ಇಷ್ಟವಾದ ಕೆಲಸವೂ ಇದೇ.

ಕತ್ತರಿಸುವ ವಿಷಯಕ್ಕೆ ಒಂದು ಎಚ್ಚರಿಕೆ. ನೈಲಾನ್, ಪಾಲಿಯೆಸ್ಟರ್ ಎರಡನ್ನೂ ಬಿಸಿ ಅಲಗಿನಿಂದ ಕತ್ತರಿಸಿದರೆ ಅಂಚು ಕರಗಿ ಎಳೆ ಬಿಡುವುದಿಲ್ಲ. ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿ ಇದ್ದರೂ ಆಗುತ್ತದೆ. ಆದರೆ ಕತ್ತರಿಸುವ ಗೆರೆಯ ಕೆಳಗೆ ಯಾವಾಗಲೂ ಒಂದು ತೆಳು ತಗಡು ಇಟ್ಟುಕೊಳ್ಳಿ. ನನ್ನ ಎರಡನೇ ದೋಣಿಯಲ್ಲಿ ತಗಡು ಇಡದೆ ಏಣು ಕತ್ತರಿಸುತ್ತಿದ್ದೆ. ಕೈ ಜಾರಿತು. ಬಿಗಿದ ಬಟ್ಟೆಗೆ ಕಡ್ಡಿ ತಾಗಿದ್ದು ಒಂದೇ ಕ್ಷಣ, ನಾಣ್ಯದಷ್ಟು ತೂತು ತೆರೆದುಕೊಂಡಿತು. ಆ ತೇಪೆ ಈಗಲೂ ಮುಂದಿನ ಡೆಕ್ ಮೇಲೆ ಇದೆ.

ಕೂರುವ ಜಾಗದ ಬಳೆ

ಕೂರುವ ತೂತಿನ ಸುತ್ತ ಬರುವ ಮರದ ಬಳೆಗೆ ಕೋಮಿಂಗ್ ಅನ್ನುತ್ತಾರೆ. ಇದು ಚೌಕಟ್ಟಿಗೆ ಅಂಟಿಕೊಂಡಿರುವುದಿಲ್ಲ, ಬಟ್ಟೆಗೇ ಹೊಲಿದಿರುತ್ತದೆ. ಮುಂದೆ ಮಂಡಿಯ ಮೇಲಿನ ಬಾಗಿದ ಅಡ್ಡಪಟ್ಟಿ, ಹಿಂದೆ ಬೆನ್ನ ಹಿಂದಿನ ಅಡ್ಡಪಟ್ಟಿ, ಇವೆರಡರ ಮೇಲೆ ಕೂರುತ್ತದೆ. ಬಳೆಯಲ್ಲಿ ಸುತ್ತಲೂ 2ರಿಂದ 2.5 ಸೆಂಟಿಮೀಟರಿಗೆ ಒಂದರಂತೆ ತೂತು ಕೊರೆದಿಟ್ಟುಕೊಳ್ಳಿ.

ಬಳೆಯನ್ನು ಜಾಗದಲ್ಲಿಟ್ಟು ಒಳಗಿನ ಗೆರೆ ಗುರುತು ಮಾಡಿ. ಗೆರೆಗೆ ಸರಿಯಾಗಿ ಕತ್ತರಿಸಬೇಡಿ. ನಾಲ್ಕು ಬೆರಳು ಒಳಗೆ ಕತ್ತರಿಸಿ, ಆ ಬಟ್ಟೆಯನ್ನು ಬಳೆಯ ಒಳಗಿಂದ ಮೇಲಕ್ಕೆ ಎಳೆಯಿರಿ. ಮೊದಲು ನಾಲ್ಕು ಕಡೆ ಮಾತ್ರ ಕಟ್ಟಿ: ಮುಂದೆ, ಹಿಂದೆ, ಎಡ, ಬಲ. ಒಮ್ಮೆ ದೂರ ನಿಂತು ನೋಡಿ. ಬಳೆ ವಾಲಿಲ್ಲ ತಾನೇ? ಆಮೇಲೆ ಎರಡು ಕಟ್ಟುಗಳ ನಡುವೆ ಒಂದು, ಮತ್ತೆ ಅವುಗಳ ನಡುವೆ ಒಂದು. ಒಂದು ಕಡೆಯಿಂದ ಸುತ್ತುತ್ತ ಹೊಲಿದರೆ ಬಟ್ಟೆಯ ಸುಕ್ಕೆಲ್ಲ ಕೊನೆಯ ಮೂಲೆಗೆ ಬಂದು ಸೇರುತ್ತದೆ. ಕಟ್ಟು ಹಾಕಿದ ಮೇಲೆ ಎಲ್ಲ ತೂತುಗಳಲ್ಲೂ ದಾರ ಹಾಯಿಸಿ, ಮಿಕ್ಕ ಬಟ್ಟೆಯನ್ನು ಕತ್ತರಿಸಿ, ಅಂಚು ಮಡಚಿ ಹೊಲಿಯಿರಿ.

ಬಳೆಯ ಮುಂದಿನ ಎರಡು ಮೂಲೆಯಲ್ಲಿ ಸ್ವಲ್ಪ ಸಡಿಲ ಉಳಿಯುವುದು ಸಾಮಾನ್ಯ. ಅಲ್ಲಿ ಡೆಕ್ ಮೇಲೇರುತ್ತದೆ, ಬಟ್ಟೆ ಎರಡು ದಿಕ್ಕಿಗೆ ಬಾಗಬೇಕಾಗುತ್ತದೆ. ಅಲ್ಲಿನ ಡೆಕ್ ಹೊಲಿಗೆಯನ್ನು ಬಳೆ ಹೊಲಿದ ಮೇಲೆ ಮುಗಿಸಿದರೆ ಆ ಸಡಿಲವನ್ನು ಎಳೆದುಕೊಳ್ಳಬಹುದು.

ಶಾಖ, ನೀರು

ಪಾಲಿಯೆಸ್ಟರ್‌ಗೆ ಇಸ್ತ್ರಿ ಬೇಕು. ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುರು ಮಾಡಿ, ದೋಣಿ ಪೂರ್ತಿ ಒಂದು ಸುತ್ತು ಹಾಯಿಸಿ. ಆಮೇಲೆ 150. ಇನ್ನೂ ಬೇಕಾದರೆ 175, ಅದಕ್ಕಿಂತ ಮೇಲೆ ಹೋಗಬೇಡಿ. ಮಿತಿ ಮೀರಿದರೆ ಬಟ್ಟೆ ಬಿಗಿಯುವ ಬದಲು ಸಡಿಲವಾಗುತ್ತದೆ, ಇನ್ನೂ ಮೀರಿದರೆ ಕರಗುತ್ತದೆ. ಮಿಕ್ಕ ತುಂಡಿನ ಮೇಲೆ ಮೊದಲು ಪರೀಕ್ಷೆ ಮಾಡಿ, ಇಸ್ತ್ರಿಯ ಅಂಕೆಯನ್ನು ನಂಬಬೇಡಿ. ಎಡಕ್ಕೆ ಎಷ್ಟು ಹೊತ್ತು ಹಾಯಿಸುತ್ತೀರೋ ಬಲಕ್ಕೂ ಅಷ್ಟೇ. ಒಂದೇ ಬದಿ ಕುಗ್ಗಿಸಿದರೆ ತೆಳು ಚೌಕಟ್ಟು ಆ ಕಡೆಗೆ ತಿರುಚಿಕೊಳ್ಳುತ್ತದೆ. ಉದ್ದ ಪಟ್ಟಿ ಒಳಕ್ಕೆ ಬಾಗುತ್ತಿದೆ ಅನಿಸಿದ ಕೂಡಲೇ ನಿಲ್ಲಿಸಿ.

ನೈಲಾನ್ ಆದರೆ ಪೂರ್ತಿ ಬಿಸಿನೀರು ಸುರಿದು ನೆನೆಸಿ, ನೆರಳಲ್ಲಿ ಒಣಗಲು ಬಿಡಿ. ಒಣಗಿದ ಮೇಲೆ ಮೀಟಿದರೆ ಸದ್ದು ಬರಬೇಕು. ಬಣ್ಣ ಬೇಕಾದರೆ ರೇಷ್ಮೆ, ಉಣ್ಣೆಗೆ ಹಾಕುವ ಬಣ್ಣವನ್ನು ಬಿಸಿನೀರು, ವಿನೆಗರ್ ಜೊತೆ ಕಲಸಿ ಈ ಹಂತದಲ್ಲೇ ಹಚ್ಚಬಹುದು. ನೈಲಾನ್ ಆ ಬಣ್ಣ ಹೀರಿಕೊಳ್ಳುತ್ತದೆ, ಪಾಲಿಯೆಸ್ಟರ್ ಹೀರುವುದಿಲ್ಲ.

ಲೇಪ

ಎರಡು ಡಬ್ಬಿ ಕಲಸಿ ಹಚ್ಚುವ ಪಾಲಿಯುರೆಥೇನ್ ಲೇಪ ನೈಲಾನ್‌ಗೆ ಅತಿ ಒಳ್ಳೆಯದು. ಎಣ್ಣೆ ಪೇಂಟ್, ವಾರ್ನಿಷ್ ಕೂಡ ನಡೆಯುತ್ತವೆ, ಪಾಲಿಯೆಸ್ಟರ್‌ಗೆ ಇನ್ನೂ ಚೆನ್ನಾಗಿ ಹೊಂದುತ್ತವೆ. ಅಷ್ಟು ಕಾಲ ಬಾಳುವುದಿಲ್ಲ ಅಷ್ಟೇ.

ಪಾಲಿಯುರೆಥೇನ್‌ನ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಒಮ್ಮೆ ಮೈಗೆ ಒಗ್ಗದೆ ಹೋದರೆ ಮುಂದೆ ಸ್ವಲ್ಪ ತಾಗಿದರೂ ಉಬ್ಬಸ ಬರಬಹುದು. ಬಟ್ಟೆ ಮಾಸ್ಕ್ ಸಾಲದು. ರಾಸಾಯನಿಕ ಆವಿ ತಡೆಯುವ ಫಿಲ್ಟರ್ ಇರುವ ಮುಖವಾಡ, ಕೈಗವಸು, ಗಾಳಿಯಾಡುವ ಜಾಗ, ಇವು ಇಲ್ಲದೆ ಡಬ್ಬಿ ತೆರೆಯಬೇಡಿ.

ಲೇಪ ಹಚ್ಚುವ ದಿನ ಒಣಹವೆ ಇರಬೇಕು. ಈ ಲೇಪಕ್ಕೆ ತೇವ ತಾಗಿದರೆ ಒಳಗೆ ಇಂಗಾಲದ ಡೈ ಆಕ್ಸೈಡ್ ಹುಟ್ಟಿ ಗುಳ್ಳೆ ಏಳುತ್ತದೆ. ನೈಲಾನ್ ತೇವದಲ್ಲಿ ಸಡಿಲವಾಗಿದ್ದಾಗ ಹಚ್ಚಿದರೆ ಆ ಸಡಿಲಕ್ಕೇ ಬೀಗ ಹಾಕಿದ ಹಾಗೆ.

ಮೊದಲು ಹೊಲಿಗೆಗಳಿಗೆ ಬ್ರಷ್‌ನಿಂದ ಒತ್ತಿ ಹಚ್ಚಿ. ಆಮೇಲೆ ಅಡಿಭಾಗ. ಮೊದಲ ಪದರ ಬಟ್ಟೆಯ ಎಳೆಯೊಳಗೆ ಇಳಿಯಬೇಕು. ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಒತ್ತಿ ಎಳೆದರೆ ಇಳಿಯುತ್ತದೆ, ಸೋರಿ ಒಳಗೆ ತೊಟ್ಟಿಕ್ಕುವುದೂ ಕಡಿಮೆ. ಸ್ವಲ್ಪ ಸ್ವಲ್ಪವೇ ಕಲಸಿ, ಕಲಸಿದ್ದು ಬೇಗ ಗಟ್ಟಿಯಾಗುತ್ತದೆ. ಮೊದಲ ಪದರ ಬೆರಳಿಗೆ ಇನ್ನೂ ಅಂಟುವಾಗಲೇ ಎರಡನೆಯದು ಹಚ್ಚಿ, ಆಗ ಎರಡೂ ಒಂದಾಗುತ್ತವೆ. ಅಡಿಗೆ ಮೂರು ನಾಲ್ಕು ಪದರ, ಡೆಕ್‌ಗೆ ಎರಡು ಮೂರು. ಪೂರ್ತಿ ಗಟ್ಟಿಯಾಗಲು ಡಬ್ಬಿಯ ಮೇಲೆ ಬರೆದಷ್ಟು ದಿನ ಬಿಡಿ. ಕೈಗೆ ಒಣಗಿದಂತೆ ಕಂಡರೂ ಒಳಗೆ ಇನ್ನೂ ಹಸಿ ಇರುತ್ತದೆ.

ನೀರಿಗಿಳಿಸುವ ಮೊದಲು

ಬರೆದಿಟ್ಟ ಅಳತೆ ಹಿಡಿದು ಡೆಕ್ ಹಗ್ಗದ ತೂತುಗಳನ್ನು ಹುಡುಕಿ, ಬಿಸಿ ಕಡ್ಡಿಯಿಂದ ಬಟ್ಟೆ ತೂತು ಮಾಡಿ, ಹಗ್ಗ ಹಾಯಿಸಿ ಸುತ್ತ ಸ್ವಲ್ಪ ಲೇಪ ಮೆತ್ತಿ. ಆಮೇಲೆ ದೋಣಿಯನ್ನು ಎರಡು ಸ್ಟ್ಯಾಂಡಿನ ಮೇಲಿಟ್ಟು ಒಳಗೆ ಒಂದು ಬಕೆಟ್ ನೀರು ಹಾಕಿ. ನಿಧಾನವಾಗಿ ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ವಾಲಿಸಿ. ಹೊರಗೆ ಹನಿ ಕಂಡ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಒಣಗಿಸಿ, ಅಲ್ಲಿ ಮತ್ತೆ ಲೇಪ ಹಚ್ಚಿ. ಸೋರುವುದು ಹೆಚ್ಚಾಗಿ ಚೀಲದ ಹೊಲಿಗೆ ಮತ್ತು ಬಳೆಯ ಮೂಲೆಗಳಲ್ಲಿ.

ಇಂಥ ದೋಣಿಯ ಒಳಗೆ ಅಡ್ಡಗೋಡೆಗಳಿಲ್ಲ. ಮಗುಚಿದರೆ ಮೂತಿಯಿಂದ ಹಿಂದಿನ ತನಕ ನೀರು ತುಂಬುತ್ತದೆ, ಆಮೇಲೆ ಅದನ್ನು ಖಾಲಿ ಮಾಡಿ ಹತ್ತಲು ಆಗುವುದಿಲ್ಲ. ಅದಕ್ಕೆ ಮುಂದೊಂದು ಹಿಂದೊಂದು ಗಾಳಿಚೀಲ ತುರುಕಿ, ಜಾರದಂತೆ ಚೌಕಟ್ಟಿಗೆ ಕಟ್ಟಿ. ಲೈಫ್ ಜಾಕೆಟ್ ನಿಮ್ಮ ಮೈಮೇಲೆ ಇರಲಿ. ಮೊದಲ ದಿನ ದಡದ ಪಕ್ಕ, ಎದೆಮಟ್ಟದ ನೀರಿನಲ್ಲೇ ಸುತ್ತಿ. ಅರ್ಧ ಗಂಟೆ ಆದ ಮೇಲೆ ದಡಕ್ಕೆ ಬಂದು ಒಳಗೆ ಕೈ ಆಡಿಸಿ. ಹುಟ್ಟಿನಿಂದ ಬಿದ್ದ ಹನಿಗಳಷ್ಟೇ ಇದ್ದರೆ ಸರಿ. ಅಂಗೈ ಮುಳುಗುವಷ್ಟು ಇದ್ದರೆ ಮನೆಗೆ ತಂದು ಮತ್ತೆ ಬಕೆಟ್ ನೀರು ಹಾಕಿ ನೋಡಿ.